ಟಿಟ್ವಾಳಾದ ಗಡಿ: ಎರಡು ಮೋಟಾರುಗಳು ಹೆಜ್ಜೆಗೂಡಿದ ಕಥೆ

ಕಲ್ಯಾಣದಿಂದ ಕಸಾರಾ ಕಡೆಗೆ ಹೊರಟ ಲೋಕಲ್ ಗಾಡಿ ಶಹಾಡ, ಆಂಬಿವಲಿಗಳನ್ನು ದಾಟಿದ ಮೇಲೆ ಬರುವ ಊರು ನಮ್ಮ ಟಿಟ್ವಾಳಾ. ಕಾಳು ನದಿಯ ದಂಡೆಯ ಈ ಊರು ದೂರದವರಿಗೆ ಗೊತ್ತಿರುವುದು ಮಹಾಗಣಪತಿಯ ದೇವಸ್ಥಾನದಿಂದ. ಅಂಗಾರಕ ಸಂಕಷ್ಟಿಯ ದಿನ ಇಲ್ಲಿ ಇಳಿಯುವ ಜನಸಾಗರವನ್ನು ಕಂಡವರು ಊರನ್ನು ಮರೆಯುವುದಿಲ್ಲ. ಆದರೆ ಈ ಊರಿಗೆ ಇನ್ನೊಂದು ಹೆಗ್ಗಳಿಕೆಯೂ ಇತ್ತು. 2006ರ ನವೆಂಬರಿನಿಂದ 2010ರ ಡಿಸೆಂಬರಿನವರೆಗೆ, ನಾಲ್ಕು ವರ್ಷಗಳ ಕಾಲ, ಮಧ್ಯ ರೈಲ್ವೆಯ ಈ ಮಾರ್ಗದಲ್ಲಿ ಎರಡು ಬಗೆಯ ವಿದ್ಯುತ್ತಿನ ಗಡಿ ಟಿಟ್ವಾಳಾ ಆಗಿತ್ತು. ಮುಂಬಯಿ ಕಡೆಯ ತಂತಿಯಲ್ಲಿ 1,500 ವೋಲ್ಟಿನ ಡಿ.ಸಿ., ಕಸಾರಾ ಕಡೆಯ ತಂತಿಯಲ್ಲಿ 25,000 ವೋಲ್ಟಿನ ಎ.ಸಿ. ನಡುವೆ ವಿದ್ಯುತ್ತೇ ಇಲ್ಲದ ಚಿಕ್ಕದೊಂದು ತುಂಡು. ಗಾಡಿ ಆ ತುಂಡನ್ನು ಹಳೆಯ ವೇಗದ ಬಲದ ಮೇಲೆಯೇ ದಾಟಬೇಕು.

ಕಚೇರಿ ಮುಗಿಸಿ ಮರಳುವ ಆ ಸಂಜೆಗಳಲ್ಲಿ ಪಂಖಗಳು ನಿಧಾನವಾಗಿ, ಮೋಟಾರುಗಳ ಸದ್ದು ಅಡಗಿ, ಹಳಿಯ ಮೇಲೆ ಗಾಲಿಗಳ ಶಬ್ದವೊಂದೇ ಉಳಿಯುತ್ತಿದ್ದುದನ್ನು ನಾವು ಕೇಳಿದ್ದೇವೆ. ಸ್ವಲ್ಪ ಹೊತ್ತಿನಲ್ಲಿ ಎಲ್ಲ ಬೋಗಿಗಳ ಕೆಳಗಿನಿಂದ ಮತ್ತೆ ಒಟ್ಟಿಗೆ ಗುಂಯ್ಗುಡುವಿಕೆ ಏಳುತ್ತಿತ್ತು. ಇಂಗ್ಲಿಷ್ ಸಾಹಿತ್ಯ ಓದಿ ಸರಕಾರಿ ಕಡತಗಳ ನಡುವೆ ದಿನ ಕಳೆಯುವ ನಮಗೆ ಯಂತ್ರವಿದ್ಯೆ ಪರಕೀಯವೇ. ಆದರೂ ಒಂದು ಪ್ರಶ್ನೆ ಬಿಡದೆ ಕಾಡಿತು. ಬೇರೆ ಬೇರೆ ಬೋಗಿಗಳ ಕೆಳಗಿರುವ ಇಷ್ಟೊಂದು ಮೋಟಾರುಗಳು ಒಂದನ್ನೊಂದು ಎಳೆದಾಡದೆ ಒಂದೇ ವೇಗದಲ್ಲಿ ಓಡುವುದು ಹೇಗೆ? ಉತ್ತರ ಹುಡುಕುತ್ತ ಹೋದಾಗ, ಅದರ ಚರಿತ್ರೆಯ ಬಹುಭಾಗ ನಾವು ದಿನವೂ ದಾಟಿಹೋಗುವ ನಿಲ್ದಾಣಗಳ ಅಕ್ಕಪಕ್ಕದಲ್ಲೇ ಇದೆಯೆಂಬುದು ತಿಳಿಯಿತು.

ಮೊದಲು ಸಮಸ್ಯೆಯನ್ನು ನೋಡೋಣ. ಒಂದೇ ಕಾರ್ಖಾನೆಯಲ್ಲಿ, ಒಂದೇ ದಿನ, ಒಂದೇ ಅಚ್ಚಿನಲ್ಲಿ ತಯಾರಾದ ಎರಡು ಮೋಟಾರುಗಳೂ ನಿಜದಲ್ಲಿ ಒಂದೇ ಅಲ್ಲ. ಫಲಕದ ಮೇಲೆ ಎರಡರಲ್ಲೂ ನಿಮಿಷಕ್ಕೆ 1,440 ಸುತ್ತು ಎಂದು ಬರೆದಿರುತ್ತದೆ. ಒಂದರ ತಾಮ್ರದ ಸುರುಳಿ ತುಸು ಹೆಚ್ಚು ಬಿಸಿಯಾಗಿರಬಹುದು, ಇನ್ನೊಂದರ ಬೇರಿಂಗ್ ತುಸು ಬಿಗಿಯಾಗಿರಬಹುದು, ಒಂದರ ಮೇಲಿನ ಹೊರೆ ಮತ್ತೊಂದಕ್ಕಿಂತ ಹೆಚ್ಚಿರಬಹುದು. ಬೇರೆ ಬೇರೆ ಕೆಲಸ ಮಾಡುತ್ತಿದ್ದರೆ ಈ ವ್ಯತ್ಯಾಸ ಯಾರಿಗೂ ಬಾಧಕವಲ್ಲ. ಒಂದೇ ಕಾಗದದ ಹಾಳೆಯನ್ನೋ ಒಂದೇ ಗಾಡಿಯನ್ನೋ ಎರಡೂ ಎಳೆಯತೊಡಗಿದಾಗ ಮಾತ್ರ ಜಗಳ ಶುರುವಾಗುತ್ತದೆ. ಮುಂದಿರುವುದು ಹೊರೆಯನ್ನೆಲ್ಲ ಹೊತ್ತು ಸುಡುತ್ತದೆ. ಹಿಂದಿರುವುದು ಕೆಲಸ ಮಾಡುವುದಿರಲಿ, ಕೆಲವೊಮ್ಮೆ ತಾನೇ ಹೊರೆಯಾಗುತ್ತದೆ.

ನಮ್ಮ ರೈತರಿಗೆ ಇದು ಹೊಸ ಸಂಗತಿಯಲ್ಲ. ನೊಗಕ್ಕೆ ಕಟ್ಟಿದ ಜೋಡೆತ್ತುಗಳಲ್ಲಿ ಒಂದು ಚುರುಕು, ಇನ್ನೊಂದು ಮಂದವಾದರೆ ಸಾಲು ಸೊಟ್ಟಗಾಗುತ್ತದೆಂದು ಅವರು ಬಲ್ಲರು. ನೊಗದ ಕಟ್ಟನ್ನು ಬಲವಾದ ಎತ್ತಿನ ಕಡೆಗೆ ಸ್ವಲ್ಪ ಸರಿಸಿದರೆ ಮಂದ ಎತ್ತಿಗೆ ಉದ್ದನೆಯ ತೋಳು ಸಿಕ್ಕಿ ಹೊರೆ ಹಗುರವಾಗುತ್ತದೆ. ಎತ್ತುಗಳನ್ನು ಸಮ ಮಾಡಲಾಗದು, ಆದರೆ ಹೊರೆಯ ಪಾಲನ್ನು ಹೊಂದಿಸಬಹುದು. ಮೋಟಾರುಗಳ ಎಂಜಿನಿಯರರು ಇದೇ ತಿಳಿವಳಿಕೆಗೆ ಬಂದದ್ದು ಬಹಳ ಸುತ್ತುದಾರಿಯಿಂದ.

ಮೊದಲ ದಾರಿ ಕಬ್ಬಿಣದ ದಾರಿ: ಎರಡನ್ನೂ ಒಂದೇ ದಂಡಕ್ಕೆ ಕಟ್ಟಿಬಿಡುವುದು. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಉಗಿಯಂತ್ರದ ಕಾಲದಲ್ಲಿ ಛಾವಣಿಯ ಕೆಳಗೆ ಉದ್ದಕ್ಕೂ ಒಂದು ಶಾಫ್ಟ್ ತಿರುಗುತ್ತಿತ್ತು. ಸಾಲುಸಾಲು ಯಂತ್ರಗಳು ಪಟ್ಟಿಗಳ ಮೂಲಕ ಅದಕ್ಕೆ ಜೋತುಬಿದ್ದಿದ್ದವು. ಎಲ್ಲದರ ವೇಗಕ್ಕೂ ಒಬ್ಬನೇ ಒಡೆಯ. 1915ರಲ್ಲಿ ಖೋಪೋಲಿಯ ಟಾಟಾ ಜಲವಿದ್ಯುತ್ ಗಿರಣಿಗಳಿಗೆ ಬಂದ ಮೇಲೆ ಆ ಒಡೆತನ ಒಡೆಯತೊಡಗಿತು. ಯಂತ್ರಗಳ ಗುಂಪಿಗೊಂದು ಮೋಟಾರು, ಆಮೇಲೆ ಯಂತ್ರಕ್ಕೊಂದು ಮೋಟಾರು. ಶಾಫ್ಟ್ ಹೋಯಿತು, ಅದು ಸದ್ದಿಲ್ಲದೆ ಮಾಡುತ್ತಿದ್ದ ಹೆಜ್ಜೆಗೂಡಿಸುವ ಕೆಲಸವನ್ನು ಬೇರೆ ಯಾರಾದರೂ ಮಾಡಬೇಕಾಯಿತು.

ರೈಲಿನಲ್ಲಿ ಕಬ್ಬಿಣದ ಕಟ್ಟು ಇನ್ನೂ ಕೆಲವು ಕಾಲ ಬಾಳಿತು. 1925ರ ಫೆಬ್ರವರಿ 3ರಂದು ಬೋರಿಬಂದರಿನಿಂದ ಕುರ್ಲಾಕ್ಕೆ ಭಾರತದ ಮೊದಲ ವಿದ್ಯುತ್ ರೈಲು ಓಡಿತು. 1930ರ ಹೊತ್ತಿಗೆ ತಂತಿ ಕಲ್ಯಾಣವನ್ನು ದಾಟಿ ಒಂದು ಕವಲಿನಲ್ಲಿ ಪುಣೆಯನ್ನೂ ಇನ್ನೊಂದರಲ್ಲಿ ಟಿಟ್ವಾಳಾ ಮಾರ್ಗವಾಗಿ ಇಗತಪುರಿಯನ್ನೂ ಮುಟ್ಟಿತು. ಅದಕ್ಕೆ ಬೇಕಾದ ವಿದ್ಯುತ್ತಿಗಾಗಿ ಡೊಂಬಿವಲಿ ಮತ್ತು ಕಲ್ಯಾಣಗಳ ನಡುವಿನ ಠಾಕುರ್ಲಿಯಲ್ಲಿ ರೈಲ್ವೆಯದೇ ಚೋಳಾ ವಿದ್ಯುದಾಗಾರ ಎದ್ದಿತ್ತು. ಕಸಾರಾದಿಂದ ಇಗತಪುರಿಗೆ ಏರುವ ಥಳ ಘಾಟಿನಲ್ಲಿ 37 ಅಡಿ ನಡೆದರೆ ಒಂದಡಿ ಏರು. ಅಲ್ಲಿ ಸರಕು ಎಳೆಯಲೆಂದು 1928ರಿಂದ ಬಂದ ಎಂಜಿನ್ನುಗಳನ್ನು ಆಗ ಇ.ಎಫ್.1 ಎಂದೂ ನಂತರ ಡಬ್ಲ್ಯೂ.ಸಿ.ಜಿ.1 ಎಂದೂ ಕರೆದರು. ರೈಲ್ವೆ ಕಾರ್ಮಿಕರ ಬಾಯಲ್ಲಿ ಅದು ‘ಖೇಕಡಾ’, ಎಂದರೆ ಏಡಿ. ವರಳಿಯ ನೆಹರೂ ವಿಜ್ಞಾನ ಕೇಂದ್ರದ ಅಂಗಳದಲ್ಲಿ ಇಂದಿಗೂ ಒಂದು ನಿಂತಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ದವರು ಅದರ ಗಾಲಿಗಳನ್ನು ಜೋಡಿಸುವ ದಪ್ಪ ಉಕ್ಕಿನ ಸಲಾಕೆಗಳನ್ನು ಗಮನಿಸಿರಬಹುದು.

ಆ ಸಲಾಕೆಗಳೇ ಈ ಕಥೆಯ ಮೊದಲ ಅಧ್ಯಾಯ. ಎಂಜಿನ್ನಿನಲ್ಲಿ ತಲಾ 650 ಅಶ್ವಶಕ್ತಿಯ ನಾಲ್ಕು ಮೋಟಾರುಗಳು. ಮುಂದಿನ ಗಾಲಿಗುಂಪಿಗೆ ಎರಡು, ಹಿಂದಿನದಕ್ಕೆ ಎರಡು. ಪ್ರತಿ ಜೋಡಿ ಮೋಟಾರು ಹಲ್ಲುಚಕ್ರಗಳ ಮೂಲಕ ಒಂದು ದಂಡವನ್ನು ತಿರುಗಿಸುತ್ತದೆ. ಆ ದಂಡದಿಂದ ಹೊರಟ ಸಲಾಕೆ ಮೂರು ಅಚ್ಚುಗಳನ್ನು ತಿರುಗಿಸುತ್ತದೆ. ಒಂದು ಗಾಲಿ ಜಾರಬೇಕೆಂದರೆ ಮೂರೂ ಜಾರಬೇಕು. ಜೋಡಿಯಲ್ಲಿ ಒಂದು ಮೋಟಾರು ಮುಂದೋಡುವ ಪ್ರಶ್ನೆಯೇ ಇಲ್ಲ, ಉಕ್ಕು ಬಿಡುವುದಿಲ್ಲ. ಇದಕ್ಕೆ ತೆತ್ತ ಬೆಲೆಯೂ ಇತ್ತು. ಒಂದು ಗುಂಪಿನ ಗಾಲಿಗಳೆಲ್ಲ ಒಂದೇ ಅಳತೆಯಲ್ಲಿ ಸವೆಯಬೇಕು; ಇಲ್ಲವಾದರೆ ಆ ಜಗಳವನ್ನು ಸಲಾಕೆಯೂ ಬೇರಿಂಗೂ ಅನುಭವಿಸಬೇಕು. ವೇಗ ಹೆಚ್ಚಿದಷ್ಟೂ ಆ ಭಾರದ ಉಕ್ಕು ಮೇಲೆ ಕೆಳಗೆ ಕುಣಿದು ಹಳಿಯನ್ನು ಬಡಿಯುತ್ತಿತ್ತು. ಹೀಗಾಗಿ ಮುಂದಿನ ತಲೆಮಾರಿನ ಎಂಜಿನ್ನುಗಳಲ್ಲಿ ಸಲಾಕೆ ಹೋಗಿ ಪ್ರತಿ ಅಚ್ಚಿಗೂ ತನ್ನದೇ ಮೋಟಾರು ಬಂತು.

ಇಲ್ಲಿ ಎರಡನೆಯ ದಾರಿ ತೆರೆದುಕೊಂಡಿತು. ಅದು ಬಗ್ಗುವ ದಾರಿ. ಅಂದಿನ ರೈಲಿನ ಡಿ.ಸಿ. ಸರಣಿ ಮೋಟಾರಿಗೆ ಒಂದು ಸ್ವಭಾವವಿದೆ: ಹೊರೆ ಹೆಚ್ಚಿದರೆ ವೇಗ ಇಳಿಸುತ್ತದೆ, ಹೊರೆ ಇಳಿದರೆ ವೇಗ ಏರಿಸುತ್ತದೆ. ಇಂಥ ಎರಡು ಮೋಟಾರುಗಳನ್ನು ಒಂದರ ಹಿಂದೆ ಒಂದರಂತೆ ತಂತಿಗೆ ಜೋಡಿಸಿದರೆ ಎರಡರಲ್ಲೂ ಹರಿಯುವುದು ಅದೇ ವಿದ್ಯುತ್ತು, ಆದ್ದರಿಂದ ಎಳೆತವೂ ಬಹುಮಟ್ಟಿಗೆ ಸಮ. ಅಕ್ಕಪಕ್ಕ ಜೋಡಿಸಿದಾಗಲೂ ಹೆಚ್ಚು ಎಳೆಯುತ್ತಿರುವುದು ತಾನಾಗಿ ನಿಧಾನಿಸಲು ನೋಡುತ್ತದೆ, ಕಡಿಮೆ ಎಳೆಯುತ್ತಿರುವುದು ಮುನ್ನುಗ್ಗಲು ನೋಡುತ್ತದೆ. ನಡುವೆ ಎಲ್ಲೋ ಇಬ್ಬರಿಗೂ ರಾಜಿ. ಯಾರೂ ಲೆಕ್ಕ ಹಾಕಬೇಕಿಲ್ಲ. ಒಬ್ಬನೇ ಚಾಲಕ ಮುಂದಿನ ಕೋಣೆಯಲ್ಲಿ ಹಿಡಿ ತಿರುಗಿಸಿದರೆ ಎಲ್ಲ ಮೋಟಾರು ಬೋಗಿಗಳೂ ಒಟ್ಟಿಗೆ ಮಣಿಯುವ ಏರ್ಪಾಡನ್ನು ಅಮೆರಿಕದ ಫ್ರಾಂಕ್ ಸ್ಪ್ರೇಗ್ 1897ರಲ್ಲಿ ಷಿಕಾಗೋ ನಗರದ ರೈಲಿಗೆ ರೂಪಿಸಿದ್ದ. ಮುಂಬಯಿಯ ಲೋಕಲ್ ಗಾಡಿ ಅದೇ ಕುಲದ್ದು.

ಥಳ ಘಾಟಿಯನ್ನು ಏರುವ ಗಾಡಿಗಳಿಗೆ ಕಸಾರಾದಲ್ಲಿ ಹಿಂದಿನಿಂದ ತಳ್ಳುವ ಬ್ಯಾಂಕರ್ ಎಂಜಿನ್ನುಗಳನ್ನು ಸೇರಿಸುವುದನ್ನು ನಾಸಿಕಕ್ಕೆ ಹೋಗಿಬರುವ ನಮ್ಮವರೆಲ್ಲ ಕಂಡಿದ್ದಾರೆ. ಮುಂದಿನ ಚಾಲಕನಿಗೆ ಹಿಂದಿನವನ ಮುಖ ಕಾಣದು. ನಡುವೆ ಸುರಂಗಗಳೂ ತಿರುವುಗಳೂ ಇವೆ. ಇಬ್ಬರ ನಡುವೆ ಮಾತು ನಡೆಯುತ್ತಿದ್ದುದು ಸಿಳ್ಳೆಯ ಸಂಕೇತಗಳಿಂದ. ಆದರೆ ಹೆಜ್ಜೆಹೆಜ್ಜೆಗೂ ಹೊರೆ ಹಂಚುವ ಕೆಲಸ ಸಿಳ್ಳೆಯದಲ್ಲ, ಮೋಟಾರುಗಳ ಆ ಬಗ್ಗುವ ಸ್ವಭಾವದ್ದು. ಅಲ್ಲಿ ಪೂರ್ಣ ಸಮವೇಗದ ಹಟ ಹಿಡಿದಿದ್ದರೆ ಕೊಂಡಿಗಳೇ ಮುರಿಯುತ್ತಿದ್ದವು.

ಬಗ್ಗುವಿಕೆ ರೈಲಿಗೆ ಸಾಕಾಯಿತು, ನೂಲಿಗೆ ಸಾಲದಾಯಿತು. ಮೂರನೆಯ ದಾರಿಯನ್ನು ಅರಿಯಲು ನಾವು ಟಿಟ್ವಾಳಾದಿಂದ ಎರಡು ನಿಲ್ದಾಣ ಹಿಂದಕ್ಕೆ ಹೋದರೆ ಸಾಕು. ಶಹಾಡದಲ್ಲಿ ಸೆಂಚುರಿ ರೇಯಾನ್, ಆಂಬಿವಲಿಯ ಪಕ್ಕದ ಮೋಹನೆಯಲ್ಲಿ ನ್ಯಾಷನಲ್ ರೇಯಾನ್. ಕಟ್ಟಿಗೆಯ ತಿರುಳನ್ನು ರಾಸಾಯನಿಕಗಳಲ್ಲಿ ಕರಗಿಸಿ ಜೇನಿನಂಥ ದ್ರವವಾಗಿಸಿ, ಸೂಕ್ಷ್ಮ ರಂಧ್ರಗಳಿಂದ ಆಮ್ಲದೊಳಗೆ ಹಿಂಡಿದರೆ ರೇಯಾನ್ ಎಳೆ ಹುಟ್ಟುತ್ತದೆ. ಈ ವಿಸ್ಕೋಸ್ ವಿಧಾನ 1892ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿತು; ಎಳೆಯನ್ನು ಸಂಗ್ರಹಿಸುವ ತಿರುಗುವ ಮಡಕೆಯನ್ನು 1900ರಲ್ಲಿ ಚಾರ್ಲ್ಸ್ ಟಾಪ್‌ಹ್ಯಾಮ್ ರೂಪಿಸಿದ. ಎಳೆ ಮೇಲಿನಿಂದ ಮಡಕೆಗೆ ಇಳಿಯುತ್ತದೆ. ಮಡಕೆ ಬುಗುರಿಯಂತೆ ಸುತ್ತುತ್ತ ಎಳೆಗೆ ಹುರಿಯನ್ನೂ ಕೊಡುತ್ತದೆ, ಗೋಡೆಗೆ ಅಂಟಿಸಿ ಉಂಡೆಯನ್ನೂ ಕಟ್ಟುತ್ತದೆ. ಮಡಕೆಗೊಂದು ಮೋಟಾರು, ಸಾಲಿನಲ್ಲಿ ಅಂಥ ನೂರಾರು.

ಈ ಸಾಲಿನಲ್ಲಿ ವೇಗದ ವ್ಯತ್ಯಾಸವೆಂದರೆ ಏನೆಂದು ಲೆಕ್ಕ ಹಾಕಿ ನೋಡೋಣ. ಎಳೆ ನಿಮಿಷಕ್ಕೆ 80 ಮೀಟರ್ ಇಳಿಯುತ್ತಿದೆ, ಮಡಕೆ ನಿಮಿಷಕ್ಕೆ 8,000 ಸುತ್ತು ತಿರುಗುತ್ತಿದೆ ಎಂದುಕೊಂಡರೆ ಮೀಟರಿಗೆ 100 ಹುರಿ. ಪಕ್ಕದ ಮಡಕೆ ನೂರಕ್ಕೆ ಎರಡರಷ್ಟು ಹಿಂದೆ ಬಿದ್ದರೆ 98. ದ್ರವವನ್ನು ಹಿಂಡುವ ಪಂಪು ನೂರಕ್ಕೆ ಒಂದರಷ್ಟು ನಿಧಾನವಾದರೆ ನೂಲು ಅಷ್ಟೇ ಸಪುರ. ಕೈಗೆ ಇದು ತಿಳಿಯದು, ಕಣ್ಣಿಗೂ ಕಾಣದು. ನೇಯ್ದು ಬಣ್ಣ ಹಾಕಿದ ಮೇಲೆ ಸೀರೆಯ ಮೈಯಲ್ಲಿ ಗೆರೆ ಎದ್ದು ಬರುತ್ತದೆ, ಅಷ್ಟು ಹೊತ್ತಿಗೆ ಸರಕು ಕೈತಪ್ಪಿ ಹೋಗಿರುತ್ತದೆ.

ನೂರಾರು ಮಡಕೆಗಳನ್ನು ಸಲಾಕೆಯಿಂದ ಕಟ್ಟಲಾಗದು. ಉಪಾಯ ಬಂದದ್ದು ವಿದ್ಯುತ್ತಿನ ಲಯದಿಂದ. ಎ.ಸಿ. ವಿದ್ಯುತ್ತು ನಮ್ಮ ದೇಶದಲ್ಲಿ ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ, ಎ.ಸಿ. ಮೋಟಾರಿನ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಈ ಆವರ್ತಾಂಕವೇ. 50ರ ಲಯದಲ್ಲಿ ಅಂಥ ಮೋಟಾರು ನಿಮಿಷಕ್ಕೆ 3,000 ಸುತ್ತನ್ನು ಮೀರಲಾರದು. 8,000 ಬೇಕೆಂದರೆ 133ಕ್ಕೂ ಹೆಚ್ಚಿನ ಆವರ್ತಾಂಕ ಬೇಕು. ಅದಕ್ಕಾಗಿ ಇಂಥ ಕಾರ್ಖಾನೆಗಳಲ್ಲಿ ಒಂದು ದೊಡ್ಡ ಯಂತ್ರಜೋಡಿ ಬೇರೆಯೇ ವಿದ್ಯುತ್ತನ್ನು ಹುಟ್ಟಿಸಿ ಇಡೀ ಸಾಲಿಗೆ ಹಂಚುತ್ತಿತ್ತು. ತಾಳ ಒಬ್ಬನ ಕೈಯಲ್ಲಿ, ಹೆಜ್ಜೆ ಎಲ್ಲರದು. ಛಾವಣಿಯ ಶಾಫ್ಟ್ ತಂತಿಯೊಳಗೆ ಅಡಗಿ ಕುಳಿತು ಮರಳಿ ಬಂದಂತಾಯಿತು.

ಹಾಗಾದರೂ ಮನುಷ್ಯನ ಕಿವಿ ಬೇಕಾಗಿತ್ತು. ಈ ಸುತ್ತಿನ ಕಾರ್ಖಾನೆಯೊಂದರಲ್ಲಿ ಮೂರು ದಶಕ ದುಡಿದು ನಿವೃತ್ತರಾದ ವಿಜಯಪುರ ಕಡೆಯ ಹಿರಿಯರೊಬ್ಬರು ನಮ್ಮ ಕಟ್ಟಡದಲ್ಲೇ ಇದ್ದಾರೆ. ನಾವು ಅವರನ್ನು ಕಾಕಾ ಎನ್ನುತ್ತೇವೆ. ಎರಡು ಮೋಟಾರು ಒಂದೇ ವೇಗದಲ್ಲಿ ಇವೆಯೋ ಇಲ್ಲವೋ ಎಂದು ಹೇಗೆ ತಿಳಿಯುತ್ತಿತ್ತು ಎಂದು ಕೇಳಿದಾಗ ಅವರು ಹೇಳಿದ್ದು: “ಮೀಟರ್ ಇರ್ತಿತ್ರಿ ಸರ, ಆದ್ರ ಮೀಟರಿಗಿಂತ ಮೊದ್ಲ ಕಿವಿಗೆ ಗೊತ್ತಾಗ್ತಿತ್ತು. ಎರಡೂ ಒಂದ ಧ್ವನಿ ಮಾಡಿದ್ರ ಛಲೋ. ಗುಂಯ್ ಅನ್ನೋದು ಏರಿ ಇಳಿದು ಮಾಡಾಕತ್ತಿತಂದ್ರ ಒಂದು ಹಿಂದ ಬಿದ್ದದ ಅಂತ ಲೆಕ್ಕ.”

ಕಾಕಾ ಹೇಳಿದ ಏರಿಳಿತಕ್ಕೆ ಭೌತಶಾಸ್ತ್ರದಲ್ಲಿ ಖಚಿತವಾದ ಲೆಕ್ಕವಿದೆ. ಒಂದು ಮೋಟಾರು ನಿಮಿಷಕ್ಕೆ 1,480, ಇನ್ನೊಂದು 1,468 ಸುತ್ತು ತಿರುಗಿದರೆ, ಸುತ್ತಿಗೊಂದರಂತೆ ಹೊರಡುವ ಸದ್ದುಗಳು ಕೂಡಿ ನಿಮಿಷಕ್ಕೆ 12 ಸಲ, ಐದು ಸೆಕೆಂಡಿಗೊಮ್ಮೆ ಉಬ್ಬಿ ತಗ್ಗುತ್ತವೆ. ಉಬ್ಬು ನಿಧಾನವಾದಷ್ಟೂ ವೇಗಗಳು ಹತ್ತಿರ. ತಂಬೂರಿಯ ತಂತಿಗಳನ್ನು ಶ್ರುತಿಗೂಡಿಸುವವರೂ ಇದನ್ನೇ ಆಲಿಸುತ್ತಾರೆ. ನೂರರಲ್ಲಿ ಒಂದು ಪಾಲಿಗೂ ಕಡಿಮೆಯಾದ ವ್ಯತ್ಯಾಸವನ್ನು ಕಾಕಾ ಯಾವ ಉಪಕರಣವೂ ಇಲ್ಲದೆ ಹಿಡಿಯುತ್ತಿದ್ದರೆಂದು ನಮಗೆ ಅರ್ಥವಾದದ್ದು ಆಗ.

ಸಮವೇಗವೇ ಯಾವಾಗಲೂ ಗುರಿಯೆಂದು ತಿಳಿದರೂ ತಪ್ಪಾದೀತು. ಭದ್ರಾವತಿ, ದಾಂಡೇಲಿಗಳಲ್ಲಿ ಕಾಗದದ ಗಿರಣಿ ಕಂಡವರಿಗೆ ಗೊತ್ತು: ಒಂದು ತುದಿಯಲ್ಲಿ ಗಂಜಿಯಂತೆ ಸುರಿದದ್ದು ಇನ್ನೊಂದು ತುದಿಯಲ್ಲಿ ಒಣ ಹಾಳೆಯಾಗಿ ಸುತ್ತಿಕೊಳ್ಳುತ್ತದೆ. ನಡುವಿನ ಉರುಳೆಗಳು ಸರಿಸಮ ವೇಗದಲ್ಲಿ ತಿರುಗಿದರೆ ಒದ್ದೆ ಹಾಳೆ ಜೋಲುತ್ತದೆ. ಆದ್ದರಿಂದ ಅಲ್ಲಿ ಒಂದೊಂದು ಭಾಗವೂ ಹಿಂದಿನದಕ್ಕಿಂತ ಕೂದಲೆಳೆಯಷ್ಟು ವೇಗವಾಗಿರಬೇಕು, ಒಣಗಿ ಕುಗ್ಗುವೆಡೆ ಕೂದಲೆಳೆಯಷ್ಟು ನಿಧಾನ. ಹೆಚ್ಚಾದರೆ ಹಾಳೆ ಹರಿಯಿತು. ಕಾಪಾಡಬೇಕಾದದ್ದು ವೇಗಗಳ ನಡುವಿನ ಅನುಪಾತವನ್ನು. ಅಮೆರಿಕದ ವಾರ್ಡ್ ಲಿಯೊನಾರ್ಡ್ 1891ರ ಸುಮಾರಿಗೆ ರೂಪಿಸಿದ ಡಿ.ಸಿ. ಏರ್ಪಾಡು ವೇಗವನ್ನು ಹೀಗೆ ನಯವಾಗಿ ತಿದ್ದುವುದನ್ನು ಸಾಧ್ಯವಾಗಿಸಿತು. ಮುಂದೆ ಮೋಟಾರಿನ ದಂಡಕ್ಕೆ ವೇಗ ಅಳೆಯುವ ಚಿಕ್ಕ ಉಪಕರಣ ಕೂಡಿಸಿ, ಮೊದಲ ಮೋಟಾರನ್ನು ನಾಯಕನೆಂದೂ ಎರಡನೆಯದನ್ನು ಹಿಂಬಾಲಕನೆಂದೂ ಗೊತ್ತುಮಾಡಿ, ಇಬ್ಬರ ಅಂತರವನ್ನು ಕ್ಷಣಕ್ಷಣಕ್ಕೂ ತಿದ್ದುವ ನಾಲ್ಕನೆಯ ದಾರಿ ಬಂತು. ಇಂದಿನ ಇಲೆಕ್ಟ್ರಾನಿಕ್ ಡ್ರೈವ್‌ಗಳು ಮಾಡುವುದು ಇದನ್ನೇ. ಕಾಕಾ ಅವರ ಕಿವಿಯ ಕೆಲಸ ಯಂತ್ರಕ್ಕೆ ಹೋಯಿತು.

ಈ ತಿಳಿವಳಿಕೆಯೆಲ್ಲ ಮರಳಿ ನಮ್ಮ ಲೋಕಲ್ ಗಾಡಿಗೇ ಬಂತು. 1,500 ವೋಲ್ಟಿನಲ್ಲಿ ಸಾಗಿಸುವ ಶಕ್ತಿಯನ್ನೇ 25,000 ವೋಲ್ಟಿನಲ್ಲಿ ಸಾಗಿಸಿದರೆ ತಂತಿಯಲ್ಲಿ ಹರಿಯಬೇಕಾದ ವಿದ್ಯುತ್ಪ್ರವಾಹ ಸುಮಾರು ಹದಿನೇಳರಲ್ಲಿ ಒಂದು ಪಾಲು ಸಾಕು. ಹಾಗಾಗಿ ಬದಲಾವಣೆ ಅನಿವಾರ್ಯವಾಗಿತ್ತು. ಗಡಿ ಟಿಟ್ವಾಳಾಕ್ಕೆ ಬಂದು, 2010ರ ಕೊನೆಯಲ್ಲಿ ಠಾಣೆಗೆ ಸರಿದು, 2016ರ ಏಪ್ರಿಲಿನಲ್ಲಿ ಮುಂಬಯಿಯಿಂದಲೇ ಮರೆಯಾಯಿತು. 2007ರಿಂದ ಮುಂಬಯಿಯ ಉಪನಗರ ಮಾರ್ಗಗಳಿಗೆ ಬರತೊಡಗಿದ ಹೊಸ ಗಾಡಿಗಳಲ್ಲಿ ಸರಣಿ ಮೋಟಾರಿಲ್ಲ. ಇಲೆಕ್ಟ್ರಾನಿಕ್ ಉಪಕರಣ ಹುಟ್ಟಿಸುವ ಆವರ್ತಾಂಕಕ್ಕೆ ತಿರುಗುವ ಎ.ಸಿ. ಮೋಟಾರುಗಳಿವೆ.

ಇವು ಗಟ್ಟಿ ಸ್ವಭಾವದವು, ಸರಣಿ ಮೋಟಾರಿನಷ್ಟು ಬಗ್ಗುವುದಿಲ್ಲ. ಪೂರ್ಣ ಹೊರೆಯಲ್ಲಿ ಒಂದು ಮೋಟಾರು ತನ್ನ ಲಯಕ್ಕಿಂತ ನೂರಕ್ಕೆ ಒಂದರಷ್ಟು ಹಿಂದೆ ಬೀಳುತ್ತದೆ ಎನ್ನೋಣ. ಒಂದೇ ಲಯಕ್ಕೆ ಕಟ್ಟಿದ ಎರಡು ಮೋಟಾರುಗಳ ಗಾಲಿಗಳು ಸವೆದು ಅವುಗಳ ವ್ಯಾಸದಲ್ಲಿ ನೂರಕ್ಕೆ ಅರ್ಧದಷ್ಟು, ಅಂದರೆ ಒಂದು ಮೀಟರಿಗೆ ಐದು ಮಿಲಿಮೀಟರ್ ಅಂತರ ಬಂದರೆ ದೊಡ್ಡ ಗಾಲಿಯ ಮೋಟಾರು 125 ಪಾಲು, ಚಿಕ್ಕ ಗಾಲಿಯದು 75 ಪಾಲು ಹೊರಬೇಕಾಗುತ್ತದೆ. ಐದು ಮಿಲಿಮೀಟರ್ ಅಂತರಕ್ಕೆ ಹೊರೆಯಲ್ಲಿ ಐದು-ಮೂರರ ಭೇದ! ಹೀಗಾಗಿಯೇ ಕಾರ್‌ಶೆಡ್ಡುಗಳಲ್ಲಿ ಗಾಲಿಯ ವ್ಯಾಸವನ್ನು ಅಷ್ಟು ನಿಷ್ಠೆಯಿಂದ ಅಳೆಯುತ್ತಾರೆ. ವಿದ್ಯೆ ಎಷ್ಟೇ ಬೆಳೆದರೂ ಕೊನೆಯ ಲೆಕ್ಕ ನೊಗದ ಲೆಕ್ಕವೇ.

ಈ ಹೆಜ್ಜೆಗೂಡುವಿಕೆ ಕಾರ್ಖಾನೆಯ ಗೋಡೆಯನ್ನು ದಾಟಿ ರಾಜ್ಯಗಳ ಗಡಿಯನ್ನೂ ದಾಟಿದೆ. ಮೈಸೂರು ಸಂಸ್ಥಾನ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಕಳಿಸಿದಾಗ ಅದರ ಆವರ್ತಾಂಕ 25. ಮುಂದೆ 1948ರಲ್ಲಿ ಜೋಗದ ವಿದ್ಯುತ್ತು ಬಂದದ್ದು 50ರಲ್ಲಿ. ಒಂದೇ ನಾಡಿನಲ್ಲಿ ಎರಡು ತಾಳ. ಅವನ್ನು ನೇರವಾಗಿ ಕೂಡಿಸಲಾಗದು. 50ರ ತಾಳ ಎಲ್ಲೆಡೆ ನೆಲೆಗೊಂಡ ಮೇಲೂ ದಕ್ಷಿಣದ ವಿದ್ಯುಜ್ಜಾಲ ದೇಶದ ಉಳಿದ ಭಾಗದೊಂದಿಗೆ ಹೆಜ್ಜೆಗೂಡಿರಲಿಲ್ಲ, ನಡುವೆ ಡಿ.ಸಿ. ಕೊಂಡಿಗಳಷ್ಟೇ ಇದ್ದವು. 2012ರ ಜುಲೈ 30 ಮತ್ತು 31ರಂದು ಉತ್ತರ ಮತ್ತು ಪೂರ್ವ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣ ಉಳಿದದ್ದು ಈ ದೂರದಿಂದಲೇ. ಕೂಡಿ ನಡೆಯುವವರು ಕೂಡಿಯೇ ಎಡವುತ್ತಾರೆ. ಆ ಅಪಾಯವನ್ನು ಅರಿತೂ ದೇಶ ಕೂಡಿ ನಡೆಯುವುದನ್ನೇ ಆರಿಸಿಕೊಂಡಿತು. 2013ರ ಡಿಸೆಂಬರ್ 31ರಂದು 765 ಕಿಲೊವೋಲ್ಟಿನ ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣವನ್ನು ಜೋಡಿಸಲಾಯಿತು. ಅಂದಿನಿಂದ ರಾಯಚೂರಿನ ಉಷ್ಣಸ್ಥಾವರವೂ ಠಾಣೆ ಜಿಲ್ಲೆಯ ಯಾವುದೋ ಗಿರಣಿಯ ಮೋಟಾರೂ ಒಂದೇ ಲಯಕ್ಕೆ ತಿರುಗುತ್ತಿವೆ. ಒಂದು ಊರಿನ ಕನ್ನಡಿಗರನ್ನೂ ಇನ್ನೊಂದು ಊರಿನ ಕನ್ನಡಿಗರನ್ನೂ ಜೋಡಿಸಲು ಆ ಕೊಂಡಿಯೇ ಸಿಕ್ಕಿದ್ದು ನಮಗೆ ಸಂತೋಷದ ಸಂಗತಿ.

ಸಂತೋಷ ಪೂರ್ಣವಲ್ಲ. ಮೋಹನೆಯ ನ್ಯಾಷನಲ್ ರೇಯಾನ್ 2009ರಲ್ಲಿ ಬಾಗಿಲು ಮುಚ್ಚಿತು. ಚೋಳಾ ವಿದ್ಯುದಾಗಾರ ಅದಕ್ಕೂ ಮುಂಚೆಯೇ ನಿಂತಿತ್ತು. ಮೋಟಾರುಗಳ ಚರಿತ್ರೆ ಪೇಟೆಂಟುಗಳಲ್ಲಿ, ಎಂಜಿನ್ನುಗಳ ಚರಿತ್ರೆ ವಸ್ತುಸಂಗ್ರಹಾಲಯಗಳಲ್ಲಿ ಉಳಿಯುತ್ತದೆ. ಪಾಳಿಯ ಮೇಲೆ ನಿಂತು ಆ ಮೋಟಾರುಗಳನ್ನು ಆಲಿಸಿದ ಕಿವಿಗಳ ಚರಿತ್ರೆ ಎಲ್ಲಿಯೂ ದಾಖಲಾಗಿಲ್ಲ. ಕನ್ನಡ, ಮರಾಠಿ, ಭೋಜಪುರಿ ಮಾತನಾಡುವ ಜನ ಒಂದೇ ಸಾಲಿನಲ್ಲಿ ನಿಂತು, ಒಬ್ಬರ ನುಡಿ ಇನ್ನೊಬ್ಬರಿಗೆ ಪೂರ್ತಿ ತಿಳಿಯದೆಯೂ, ಒಂದೇ ಏರಿಳಿತಕ್ಕೆ ತಲೆಯೆತ್ತಿ ನೋಡುತ್ತಿದ್ದರಂತೆ. ಹೊರನಾಡಿನ ಕನ್ನಡ ಬಳಗಗಳು ಸಾಹಿತಿಗಳ ನೆನಪನ್ನು ಕಾಪಾಡಿದಷ್ಟೇ ಶ್ರದ್ಧೆಯಿಂದ ಈ ಕಾರ್ಮಿಕರ ನೆನಪನ್ನೂ ಅವರಿರುವಾಗಲೇ ಬರೆದಿಟ್ಟುಕೊಳ್ಳಬೇಕು. ಇಷ್ಟನ್ನು ಹೇಳಲೆಂದೇ ಈ ಲೇಖನ ಇಷ್ಟು ದೂರ ಬಂದದ್ದು.

ಕಾಕಾ ಈಗಲೂ ಸಂಜೆ ನಮ್ಮೊಡನೆ ಟಿಟ್ವಾಳಾ ನಿಲ್ದಾಣದ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾರೆ. ಕಸಾರಾ ಗಾಡಿ ಹೊರಡುವಾಗ ಅವರ ಮಾತು ಒಂದು ಕ್ಷಣ ನಿಲ್ಲುತ್ತದೆ. ಮೊನ್ನೆ ಏನು ಕೇಳುತ್ತಿದ್ದೀರೆಂದು ವಿಚಾರಿಸಿದೆವು. “ಏನಿಲ್ರಿ ಸರ,” ಎಂದರು, “ಎಲ್ಲಾ ಕೂಡಿ ಎಳಿಯಾಕತ್ತಾವ.”